ನದಿ ಉಳಿಸಬೇಕಾದರೆ ಮೊದಲು ಜಮೀನಿನವರ ಜೊತೆ ಮಾತಾಡಬೇಕು

ನದಿ ಕೆಟ್ಟಿದೆ ಅಂದ ತಕ್ಷಣ ನಾವೆಲ್ಲ ನದಿಯ ಕಡೆಗೇ ನೋಡುತ್ತೇವೆ. ತೇಲುವ ಕಸ, ನೊರೆ, ಬಂದು ಸೇರುವ ಚರಂಡಿ. ಅದೂ ಸಮಸ್ಯೆಯೇ, ಇಲ್ಲ ಅನ್ನುವುದಿಲ್ಲ. ಆದರೆ ನದಿಯಲ್ಲಿ ಹರಿಯುವ ನೀರಿನಲ್ಲಿ ನೇರವಾಗಿ ನದಿಯ ಮೇಲೇ ಬಿದ್ದ ಮಳೆ ಎಷ್ಟಿರಬಹುದು? ತೀರಾ ಕಡಿಮೆ. ಮಿಕ್ಕಿದ್ದೆಲ್ಲ ಯಾರದೋ ಹೊಲ, ಯಾರದೋ ತೋಟ, ಯಾವುದೋ ಗುಡ್ಡ, ರಸ್ತೆ, ಮನೆಯ ಸೂರು, ಇವುಗಳ ಮೇಲೆ ಬಿದ್ದು ಇಳಿದು ಬಂದ ನೀರು. ಒಂದು ನದಿಗೆ ಹೀಗೆ ನೀರು ಇಳಿಸಿಕೊಡುವ ಅಷ್ಟೂ ನೆಲಕ್ಕೆ ಜಲಾನಯನ ಪ್ರದೇಶ ಅನ್ನುತ್ತಾರೆ.

ತೊಡಕು ಇರುವುದು ಇಲ್ಲೇ. ನದಿ ಎಲ್ಲರದ್ದು. ಅದಕ್ಕೆ ನೀರು ಕೊಡುವ ನೆಲಕ್ಕೆ ಮಾತ್ರ ಸಾವಿರಾರು ಮಾಲೀಕರು. ಮೇಲೆ ಗುಡ್ಡದಲ್ಲಿ ಒಬ್ಬ ಮರ ಕಡಿದರೆ ಅವನಿಗೆ ದುಡ್ಡು ಬರುತ್ತದೆ, ಹೂಳು ಕೆಳಗಿನವರ ಜಲಾಶಯಕ್ಕೆ ಬರುತ್ತದೆ. ಅದೇ ಅವನು ಮರ ಉಳಿಸಿಕೊಂಡರೆ? ಕೆಳಗಿನವರಿಗೆ ತಿಳಿ ನೀರು, ಅವನಿಗೆ ಏನೂ ಇಲ್ಲ. ಈ ಲೆಕ್ಕ ಸರಿಹೋಗದ ಹೊರತು ನದಿ ಸರಿಹೋಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೇಲಿನವರೂ ಕೆಳಗಿನವರೂ ಕೂತು ಒಂದು ಒಪ್ಪಂದಕ್ಕೆ ಬರುವುದನ್ನೇ ಭೂ ಸಂರಕ್ಷಣಾ ಸಹಭಾಗಿತ್ವ ಅಂತ ಭಾರಿ ಹೆಸರಿಟ್ಟು ಕರೆಯುತ್ತಾರೆ.

ಒಪ್ಪಂದದ ವಿಷಯಕ್ಕೆ ಹೋಗುವ ಮೊದಲು ನೆಲ ನೀರಿಗೆ ಏನು ಮಾಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡೋಣ. ಕಾಡಿನ ನೆಲದ ಮೇಲೆ ತರಗೆಲೆ ಇರುತ್ತದೆ. ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಸಡಿಲ ಮಣ್ಣು, ಆ ಮಣ್ಣಿನಲ್ಲಿ ಎರೆಹುಳು ಕೊರೆದ ತೂತುಗಳು, ಸತ್ತ ಬೇರು ಕೊಳೆತು ಬಿಟ್ಟುಹೋದ ಕೊಳವೆಗಳು. ಮಳೆ ಹನಿ ತರಗೆಲೆಗೆ ಬಡಿದು ಸೋಲುತ್ತದೆ, ನೀರು ನಿಧಾನಕ್ಕೆ ಈ ತೂತುಗಳಲ್ಲಿ ಇಂಗುತ್ತದೆ, ವಾರಗಟ್ಟಲೆ ತಿಂಗಳುಗಟ್ಟಲೆ ನೆಲದೊಳಗೇ ನಡೆದು ಎಲ್ಲೋ ತಗ್ಗಿನಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಮಳೆ ನಿಂತು ಎಷ್ಟೋ ದಿನ ಆದ ಮೇಲೂ ಹಳ್ಳ ಹರಿಯುತ್ತಿರುವುದು ಈ ನೀರಿನಿಂದಲೇ.

ಇಲ್ಲಿ ಒಂದು ಮಾತು. ನೀರು ಉಳಿಸುವುದು ಮರ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮರಕ್ಕಿಂತ ಮರದ ಕೆಳಗಿನ ಆ ಹೊದಿಕೆಯ ಪಾಲು ದೊಡ್ಡದು. ಎತ್ತರದ ಮರದ ಎಲೆಯಿಂದ ತೊಟ್ಟಿಕ್ಕುವ ಹನಿ ಮಳೆ ಹನಿಗಿಂತ ದಪ್ಪ ಇರುತ್ತದೆ. ಕೆಳಗೆ ಗುಡಿಸಿ ಬಿಟ್ಟಂತೆ ಬೋಳು ನೆಲ ಇದ್ದರೆ ಆ ಹನಿ ಮಣ್ಣನ್ನು ಇನ್ನೂ ಜೋರಾಗಿ ಹೊಡೆದೆಬ್ಬಿಸುತ್ತದೆ. ಹಾಗಾಗಿ ಸುಮ್ನೆ ಸಾಲುಸಾಲಾಗಿ ಗಿಡ ನೆಟ್ಟು ಫೋಟೊ ತೆಗೆಸಿಕೊಂಡ ಮಾತ್ರಕ್ಕೆ ಕಾಡಿನ ಕೆಲಸ ಆಗುವುದಿಲ್ಲ.

ಬೋಳು ನೆಲದಲ್ಲಿ ಆಗುವುದು ಇದರ ತದ್ವಿರುದ್ಧ. ಹನಿ ಬಡಿದ ಕಡೆ ಮಣ್ಣಿನ ಸಣ್ಣ ಕಣಗಳು ಚಿಮ್ಮುತ್ತವೆ, ಪಕ್ಕದ ರಂಧ್ರಗಳಿಗೆ ಹೋಗಿ ಕೂರುತ್ತವೆ, ಮೇಲೆ ತೆಳು ಹೆಪ್ಪು ಕಟ್ಟುತ್ತದೆ. ಆಮೇಲೆ ಬಿದ್ದ ನೀರಿಗೆ ಒಳಗೆ ಹೋಗಲು ದಾರಿಯೇ ಇಲ್ಲ, ಇಳಿಜಾರು ಹಿಡಿದು ಓಡುತ್ತದೆ, ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಆ ಮಣ್ಣಿಗೆ ಗೊಬ್ಬರದ ರಂಜಕ ಅಂಟಿಕೊಂಡಿರುತ್ತದೆ. ಅದು ಕೆಳಗಿನ ಕೆರೆಗೆ ಸೇರಿದರೆ ಪಾಚಿಗೆ ಹಬ್ಬ. ಗೊಬ್ಬರದ ಸಾರಜನಕದ ದಾರಿ ಬೇರೆ. ಅದು ನೈಟ್ರೇಟ್ ಆಗಿ ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತೆ ಅಂತರ್ಜಲಕ್ಕೆ ಇಳಿಯುತ್ತದೆ. ಹರಿಯುವ ಮಣ್ಣನ್ನು ಬದು ಹಾಕಿ ತಡೆಯಬಹುದು, ಕರಗಿದ ನೈಟ್ರೇಟ್ ಅದಕ್ಕೆ ಜಗ್ಗುವುದಿಲ್ಲ.

ಇದನ್ನೆಲ್ಲ ಊಹೆ ಮಾಡಿ ಹೇಳುತ್ತಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ವಿಜ್ಞಾನಿಗಳು 1965ರ ಚಳಿಗಾಲದಲ್ಲಿ ಒಂದು ಸಣ್ಣ ತೊರೆಯ ಇಡೀ ಜಲಾನಯನದ ಮರಗಳನ್ನು ಕಡಿದು ಅಲ್ಲೇ ಬಿಟ್ಟರು. ಏನೂ ಚಿಗುರದಂತೆ ಕಳೆನಾಶಕವನ್ನೂ ಹೊಡೆದರು. ಪಕ್ಕದ ಇನ್ನೊಂದು ತೊರೆಯ ಕಾಡನ್ನು ಹಾಗೇ ಬಿಟ್ಟು ಎರಡನ್ನೂ ಅಳೆಯುತ್ತ ಹೋದರು. ಕಡಿದ ಕಡೆಯ ತೊರೆಯಲ್ಲಿ ನೈಟ್ರೇಟ್ ಸುಮಾರು 40 ಪಟ್ಟು ಏರಿತು. ಯಾರೂ ಅಲ್ಲಿ ಒಂದು ಹಿಡಿ ಗೊಬ್ಬರ ಹಾಕಿರಲಿಲ್ಲ! ಮಣ್ಣಿನ ಸೂಕ್ಷ್ಮಜೀವಿಗಳು ಎಂದಿನಂತೆ ನೈಟ್ರೇಟ್ ತಯಾರಿಸುತ್ತಲೇ ಇದ್ದವು, ಅದನ್ನು ಹೀರಿಕೊಳ್ಳುವ ಬೇರು ಇಲ್ಲವಾದ್ದರಿಂದ ಎಲ್ಲ ನೀರುಪಾಲಾಯಿತು. ಅಂದಹಾಗೆ ಆ ತೊರೆಯಲ್ಲಿ ಹರಿಯುವ ನೀರು ಜಾಸ್ತಿಯೂ ಆಯಿತು, ಯಾಕೆಂದರೆ ಮರಗಳು ಕುಡಿಯುತ್ತಿದ್ದ ಪಾಲು ಉಳಿಯಿತು. ಈ ಎರಡನೇ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರು ಕೆಟ್ಟರೆ ಶುದ್ಧೀಕರಣ ಘಟಕ ಇದೆಯಲ್ಲ, ಅದಕ್ಕೇ ತಾನೇ ಅದು ಇರುವುದು ಅನ್ನಬಹುದು. ಇದೆ, ಆದರೆ ಕದಡಿದ ನೀರನ್ನು ಶುದ್ಧ ಮಾಡುವುದು ದುಬಾರಿ, ಅಪಾಯವೂ ಹೌದು. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ. ನೀರಿನಲ್ಲಿ ಕೊಳೆತ ಎಲೆ, ಪಾಚಿ ಜಾಸ್ತಿ ಇದ್ದರೆ ಕ್ಲೋರಿನ್ ಅದರ ಜೊತೆ ಸೇರಿ ಬೇರೆಯದೇ ಹಾನಿಕಾರಕ ವಸ್ತುಗಳಾಗುತ್ತವೆ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಜೀವಿಗಂತೂ ಕ್ಲೋರಿನ್ ನಾಟುವುದೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಅದರಿಂದ ಸುಮಾರು 4 ಲಕ್ಷ ಜನರಿಗೆ ಹೊಟ್ಟೆ ಕೆಟ್ಟಿತು. ಅಲ್ಲಿ ಶುದ್ಧೀಕರಣ ಘಟಕ ಇರಲಿಲ್ಲ ಅಂದುಕೊಳ್ಳಬೇಡಿ. ಇತ್ತು, ನೀರು ಅದನ್ನು ದಾಟಿಯೇ ಮನೆಗಳಿಗೆ ಬಂದಿತ್ತು.

ಸರಿ, ಹಾಗಾದರೆ ಎಲ್ಲಿಯ ನೆಲ ಕಾಪಾಡಬೇಕು? ದೊಡ್ಡ ನದಿಯ ದಂಡೆ ನೋಡಲು ಚೆಂದ, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಯಾವ ನದಿಯ ನಕ್ಷೆ ತೆಗೆದು ನೋಡಿದರೂ ಅದರ ಉದ್ದದ ಬಹುಪಾಲು ಇರುವುದು ಹೆಸರೇ ಇಲ್ಲದ ಸಣ್ಣ ತೊರೆಗಳಲ್ಲಿ. ಒಂದು ಹಾರಿಗೆ ದಾಟಬಹುದಾದ, ಬೇಸಿಗೆಯಲ್ಲಿ ಒಣಗಿಯೂ ಹೋಗುವ ತೊರೆಗಳು. ನೆಲಕ್ಕೂ ನೀರಿಗೂ ಹೆಚ್ಚು ನಂಟು ಇರುವುದು ಅಲ್ಲಿ. ಹಾಗಾಗಿ ತೊರೆಯ ಎರಡೂ ಬದಿಗೆ ಒಂದಷ್ಟು ಅಗಲ ಉಳುಮೆ ಮಾಡದೆ ಹುಲ್ಲು, ಪೊದೆ, ಮರ ಬೆಳೆಯಲು ಬಿಡುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸ. ಹೊಲದಿಂದ ಓಡಿಬರುವ ನೀರು ಅಲ್ಲಿ ತಡೆದು ನಿಂತು ಮಣ್ಣು ಇಳಿಸುತ್ತದೆ. ಒದ್ದೆ ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವೆ. ನೆರಳಿಗೆ ನೀರು ತಂಪಾಗಿ ಮೀನಿಗೂ ಒಳ್ಳೆಯದು. ಆದರೆ ಅದೇ ಹೊಲದಡಿ ಬಸಿಗಾಲುವೆಯ ಪೈಪು ಹಾಕಿ ನೀರನ್ನು ನೇರ ತೊರೆಗೇ ಬಿಟ್ಟಿದ್ದರೆ ಈ ಹಸಿರು ಪಟ್ಟಿ ಇದ್ದೂ ಇಲ್ಲದಂತೆ. ಇಂಥ ವಿವರ ಗೊತ್ತಿರುವುದು ಆ ಹೊಲ ಉಳುವವರಿಗೆ ಮಾತ್ರ. ರೈತರನ್ನು ಕರೆಯದೆ ಮಾಡಿದ ಯೋಜನೆ ಎಡವುವುದು ಇಂಥ ಕಡೆಯೇ.

ಕಟ್ಟಡಗಳ ವಿಷಯವೂ ಇದೆ. ಸೂರು, ಡಾಂಬರು, ಕಾಂಕ್ರೀಟು ಸೇರಿ ನೀರು ಇಂಗದ ಜಾಗ ಒಂದು ಜಲಾನಯನದ ಸುಮಾರು 10 ಶೇಕಡ ಮುಟ್ಟುವ ಹೊತ್ತಿಗೇ ತೊರೆಗಳ ಆರೋಗ್ಯ ಕೆಡುವುದು ಕಾಣಿಸುತ್ತದೆ ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಇನ್ನೂ 90 ಭಾಗ ಹಸಿರಾಗಿ ಕಾಣುತ್ತಿರುವಾಗಲೇ.

ಈಗ ವ್ಯವಹಾರಕ್ಕೆ ಬರೋಣ. ಜಮೀನು ಕಾಪಾಡಲು ಮುಖ್ಯವಾಗಿ ಮೂರು ದಾರಿ. ಒಂದು, ಪೂರ್ತಿ ಕೊಂಡುಕೊಳ್ಳುವುದು. ಗಟ್ಟಿ ದಾರಿ, ಆದರೆ ವಿಪರೀತ ಖರ್ಚು. ಇನ್ನೊಂದು, ಇಂಥ ಕೆಲಸ ಮಾಡಿದರೆ ವರ್ಷಕ್ಕೆ ಇಷ್ಟು ಅಂತ ಮಾಲೀಕರಿಗೆ ದುಡ್ಡು ಕೊಡುವುದು. ಇದು ಬೇಗ ಶುರುವಾಗುತ್ತದೆ, ದುಡ್ಡು ನಿಂತ ದಿನ ನಿಲ್ಲುತ್ತದೆ. ಮೂರನೆಯದು ಸ್ವಲ್ಪ ವಿಚಿತ್ರ ಅನ್ನಿಸುವ ದಾರಿ: ಜಮೀನು ಮಾಲೀಕರ ಹತ್ತಿರವೇ ಇರುತ್ತದೆ, ಅದರ ಕೆಲವು ಹಕ್ಕುಗಳನ್ನು ಮಾತ್ರ ಕೊಂಡುಕೊಳ್ಳುವುದು. ಕನ್ಸರ್ವೇಶನ್ ಈಸ್‌ಮೆಂಟ್ ಅನ್ನುತ್ತಾರೆ. ಅಮೆರಿಕದಲ್ಲಿ ಇದು ತುಂಬ ಬಳಕೆಯಲ್ಲಿದೆ.

ಇದನ್ನು ಅರ್ಥ ಮಾಡಿಕೊಳ್ಳಲು ಜಮೀನನ್ನು ಒಂದು ಸೌದೆ ಹೊರೆ ಅಂದುಕೊಳ್ಳಿ. ಉಳುವ ಹಕ್ಕು ಒಂದು ಕಟ್ಟಿಗೆ, ಮಾರುವ ಹಕ್ಕು ಒಂದು, ಮಕ್ಕಳಿಗೆ ಬಿಟ್ಟುಹೋಗುವುದು ಒಂದು, ಸೈಟು ಮಾಡಿ ಮನೆ ಕಟ್ಟುವುದು ಇನ್ನೊಂದು. ಈಸ್‌ಮೆಂಟ್ ಅಂದರೆ ಹೊರೆಯಿಂದ ಆ ಕೊನೆಯ ಕಟ್ಟಿಗೆಯನ್ನು ಮಾತ್ರ ಎಳೆದುಕೊಳ್ಳುವುದು. ಮಾಲೀಕ ಮೊದಲಿನ ಹಾಗೇ ಬೇಸಾಯ ಮಾಡಬಹುದು, ಮಾರಬಹುದು, ಆದರೆ ಬಡಾವಣೆ ಮಾಡುವಂತಿಲ್ಲ, ಹೊಳೆ ಅಂಚಿನ ಮರ ಕಡಿಯುವಂತಿಲ್ಲ. ಇದು ನೋಂದಣಿಯಾಗುತ್ತದೆ, ಜಮೀನಿಗೇ ಅಂಟಿಕೊಳ್ಳುತ್ತದೆ, ನಾಳೆ ಕೊಂಡವರಿಗೂ ಅನ್ವಯ. ಬೆಲೆ ಕಟ್ಟುವುದೂ ಸರಳ. ನಿರ್ಬಂಧ ಇಲ್ಲದೆ ಜಮೀನಿಗೆ 100 ಬೆಲೆ, ನಿರ್ಬಂಧ ಹಾಕಿದ ಮೇಲೆ 60 ಅಂತಾದರೆ ಹಕ್ಕಿನ ಬೆಲೆ 40. ಆ 40 ಅನ್ನು ಮಾಲೀಕನಿಗೆ ಕೊಡುತ್ತಾರೆ, ಇಲ್ಲವೇ ಅವನು ದಾನವಾಗಿ ಬಿಟ್ಟುಕೊಟ್ಟು ತೆರಿಗೆ ವಿನಾಯಿತಿ ಪಡೆಯುತ್ತಾನೆ. ಇದನ್ನು ಹಿಡಿದುಕೊಂಡು ಕಾಯುವ ಸಂಸ್ಥೆಗಳಿಗೆ ಲ್ಯಾಂಡ್ ಟ್ರಸ್ಟ್ ಅಂತ ಹೆಸರು. ಮ್ಯಾಸಚೂಸೆಟ್ಸ್‌ನಲ್ಲಿ 1891ರಲ್ಲಿ ಶುರುವಾದ ಸಂಸ್ಥೆಯೊಂದು ಇವಕ್ಕೆಲ್ಲ ಹಿರಿಯಣ್ಣ. ಈಗ ಆ ದೇಶದಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ.

ಇವೆಲ್ಲ ಒಟ್ಟಿಗೆ ಹೇಗೆ ನಡೆಯುತ್ತವೆ ಅನ್ನುವುದಕ್ಕೆ ನ್ಯೂಯಾರ್ಕ್ ನಗರದ ಕತೆಯೇ ಒಳ್ಳೆಯ ಪಾಠ. ಆ ನಗರಕ್ಕೆ ದಿನಕ್ಕೆ ನೂರು ಕೋಟಿ ಗ್ಯಾಲನ್‌ಗೂ ಹೆಚ್ಚು ನೀರು ಬೇಕು. ಅದರ ಬಹುಪಾಲು ಬರುವುದು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ, ಕೆಲವು ಕಡೆ 125 ಮೈಲಿ ಆಚೆಯಿಂದ, ಹೆಚ್ಚಿನಂಶ ಇಳಿಜಾರಿನಲ್ಲಿ ತಾನಾಗಿ ಹರಿದು. 1989ರಲ್ಲಿ ಅಮೆರಿಕ ಸರ್ಕಾರ ಒಂದು ನಿಯಮ ತಂದಿತು: ಕೆರೆ, ಹೊಳೆಗಳ ನೀರು ಕೊಡುವವರು ಸೋಸುವ ಘಟಕ ಕಟ್ಟಬೇಕು, ಇಲ್ಲವಾದರೆ ಮೂಲದಲ್ಲೇ ನೀರು ಸುರಕ್ಷಿತ ಅಂತ ಸಾಬೀತು ಮಾಡಬೇಕು. ಘಟಕಕ್ಕೆ ಅಂದಾಜು ಮಾಡಿದರೆ ಕಟ್ಟುವುದಕ್ಕೇ 600ರಿಂದ 800 ಕೋಟಿ ಡಾಲರ್, ನಡೆಸುವ ಖರ್ಚು ಬೇರೆ. ಅದಕ್ಕಿಂತ ಬೆಟ್ಟವನ್ನೇ ಕಾಪಾಡುವುದು ಎಷ್ಟೋ ಅಗ್ಗ ಅನ್ನುವುದು ನಗರದವರಿಗೆ ಗೊತ್ತಾಯಿತು.

ಆದರೆ ಬೆಟ್ಟದವರಿಗೆ ನಗರದ ಹೆಸರು ಕೇಳಿದರೇ ಸಿಟ್ಟು. ಕಾರಣ ಇತ್ತು. 20ನೇ ಶತಮಾನದ ಮೊದಲಲ್ಲಿ ಅಶೋಕನ್ ಜಲಾಶಯ ಕಟ್ಟಿದಾಗ ಸುಮಾರು 2000 ಜನ ಮನೆಮಠ ಬಿಟ್ಟರು, ಗೋರಿಗಳನ್ನೂ ಅಗೆದು ಸಾಗಿಸಬೇಕಾಯಿತು. 1950ರ ದಶಕದಲ್ಲಿ ಪೆಪಾಕ್ಟನ್ ಜಲಾಶಯ ನಾಲ್ಕು ಊರುಗಳನ್ನು ನುಂಗಿತು. ಈಗ ಮತ್ತೆ ಅದೇ ನಗರ ಬಂದು ಇಲ್ಲಿ ಗೊಬ್ಬರ ಹಾಕಬೇಡಿ, ಅಲ್ಲಿ ಕಟ್ಟಬೇಡಿ ಅಂದರೆ ಯಾರು ತಾನೇ ಸುಮ್ಮನಿರುತ್ತಾರೆ? ನಗರ ಮೊದಲು ನಿಯಮಗಳನ್ನು ಹೇರಲು ನೋಡಿತು, ಊರುಗಳು ಕೋರ್ಟಿಗೆ ಹೋದವು. ವರ್ಷಗಟ್ಟಲೆ ಜಗ್ಗಾಡಿ 1997ರ ಜನವರಿಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು.

ಅದರ ಕರಾರುಗಳನ್ನು ನೋಡಿ. ಜಮೀನನ್ನು ನಗರ ಬಲವಂತವಾಗಿ ಕಿತ್ತುಕೊಳ್ಳುವಂತಿಲ್ಲ, ಮಾರಲು ಒಪ್ಪಿದವರಿಂದ ಮಾತ್ರ ಮಾರುಕಟ್ಟೆ ಬೆಲೆಗೆ ಕೊಳ್ಳಬೇಕು. ಕೊಂಡ ಮೇಲೆ ಅದರ ತೆರಿಗೆಯನ್ನು ಊರಿಗೆ ಕಟ್ಟುತ್ತಿರಬೇಕು, ಇಲ್ಲವಾದರೆ ಊರಿನ ಶಾಲೆ, ರಸ್ತೆಗೆ ದುಡ್ಡು ಎಲ್ಲಿಂದ? ಊರೊಳಗಿನ ಜಾಗಗಳನ್ನು ಖರೀದಿಯಿಂದ ಹೊರಗಿಡುವ ಹಕ್ಕು ಊರುಗಳಿಗೇ. ಸ್ಥಳೀಯರೇ ನಡೆಸುವ ಒಂದು ನಿಗಮ ನಗರದ ದುಡ್ಡಿನಲ್ಲಿ ಮನೆಗಳ ಕೆಟ್ಟ ಸೆಪ್ಟಿಕ್ ಟ್ಯಾಂಕ್‌ಗಳನ್ನು ಸರಿಮಾಡಿಸುತ್ತದೆ, ಹೀಗೆ ಸಾವಿರಾರು ಆಗಿವೆ. ರೈತರಿಗಾಗಿ ರೈತರದ್ದೇ ಒಂದು ಮಂಡಳಿ, ಅದು ಇನ್ನೂ ಮೊದಲು, 1993ರಲ್ಲೇ ಹುಟ್ಟಿತ್ತು. ಪ್ರತಿ ಹಾಲಿನ ಹಟ್ಟಿಗೂ ಬೇರೆಬೇರೆ ಯೋಜನೆ: ದನ ತೊರೆಗೆ ಇಳಿಯದಂತೆ ಬೇಲಿ, ಕುಡಿಯಲು ಬೇರೆ ಕಡೆ ತೊಟ್ಟಿ, ಸಗಣಿ ಮಳೆಗೆ ಕೊಚ್ಚಿಹೋಗದಂತೆ ಗುಂಡಿ, ಎಳಗರುಗಳಿಗೆ ಬೇರೆ ಕೊಟ್ಟಿಗೆ, ಯಾಕೆಂದರೆ ಆ ಕ್ರಿಪ್ಟೊಸ್ಪೊರಿಡಿಯಂ ಜಾಸ್ತಿ ಬರುವುದು ಕರುಗಳ ಸಗಣಿಯಲ್ಲಿ. ಸೇರುವುದು ಬಿಡುವುದು ರೈತರ ಇಷ್ಟ. ಖರ್ಚು ನಗರದ್ದು. ಬಹುಪಾಲು ದೊಡ್ಡ ಹಟ್ಟಿಗಳು ಸೇರಿದವು.

ನಗರ ಈವರೆಗೆ 1.3 ಲಕ್ಷ ಎಕರೆಗೂ ಹೆಚ್ಚು ಜಮೀನನ್ನು ಖರೀದಿ ಮತ್ತು ಈಸ್‌ಮೆಂಟ್ ಮೂಲಕ ಕಾಪಾಡಿದೆ. ಕ್ಯಾಟ್‌ಸ್ಕಿಲ್ ನೀರನ್ನು ಇವತ್ತಿಗೂ ಸೋಸುವುದಿಲ್ಲ, ಕ್ಲೋರಿನ್ ಮತ್ತು ನೇರಳಾತೀತ ಬೆಳಕು ಹಾಯಿಸಿ ಕೊಡುತ್ತಾರೆ. ಇದೇ ನಗರಕ್ಕೆ ಕ್ರೋಟನ್ ಅನ್ನುವ ಇನ್ನೊಂದು ಹಳೆಯ ನೀರಿನ ಮೂಲ ಇದೆ, ನಗರಕ್ಕೆ ಹತ್ತಿರ. ಅಲ್ಲಿ ಬಡಾವಣೆಗಳು ಬೆಳೆದುಬಿಟ್ಟಿದ್ದವು, ಕೈಮೀರಿತ್ತು. ಅದಕ್ಕೆ ಕೊನೆಗೆ 300 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಸೋಸುವ ಘಟಕ ಕಟ್ಟಿ 2015ರಲ್ಲಿ ಶುರು ಮಾಡಿದರು. ಅದೂ ಒಟ್ಟು ನೀರಿನ ಸುಮಾರು ಹತ್ತನೇ ಒಂದು ಪಾಲಿಗೆ!

ನಗರಗಳಷ್ಟೇ ಈ ದಾರಿ ಹಿಡಿದಿದ್ದಾರೆ ಅಂತಲ್ಲ. ಫ್ರಾನ್ಸ್‌ನ ವಿಟೆಲ್ ಅನ್ನುವ ಬಾಟಲಿ ನೀರಿನ ಕಂಪನಿಗೆ 1980ರ ದಶಕದಲ್ಲಿ ತನ್ನ ಬುಗ್ಗೆಯಲ್ಲಿ ನೈಟ್ರೇಟ್ ಏರುತ್ತಿರುವುದು ಕಾಣಿಸಿತು. ಮೇಲಿನ ಹೊಲಗಳಲ್ಲಿ ಮೆಕ್ಕೆಜೋಳ, ಅದಕ್ಕೆ ರಾಸಾಯನಿಕ ಗೊಬ್ಬರ. ಸುಮ್ನೆ ದುಡ್ಡು ಕೊಟ್ಟರೆ ರೈತರು ಬದಲಾಗುತ್ತಾರೆ ಅಂದುಕೊಂಡಿದ್ದರೆ ಅವರು ಸೋಲುತ್ತಿದ್ದರು. ಸರ್ಕಾರಿ ಕೃಷಿ ಸಂಶೋಧಕರನ್ನು ಕರೆಸಿ, ವರ್ಷಗಟ್ಟಲೆ ಆ ಕುಟುಂಬಗಳ ಬೇಸಾಯ ಹೇಗೆ ನಡೆಯುತ್ತದೆ, ಸಾಲ ಎಷ್ಟು, ಮುಂದೆ ಜಮೀನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೆಲ್ಲ ಅಧ್ಯಯನ ಮಾಡಿಸಿದರು. ಆಮೇಲೆ ಬಂದದ್ದು ದೀರ್ಘಾವಧಿ ಕರಾರು, 30 ವರ್ಷದವರೆಗೂ. ಜಮೀನಿನ ಸಾಲ ಮಾಫಿ, ಕೆಲ ವರ್ಷ ಎಕರೆವಾರು ಹಣ, ಗೊಬ್ಬರ ಹರಡಲು ಕಂಪನಿಯದ್ದೇ ಆಳು, ಬದಲಿಗೆ ಮೆಕ್ಕೆಜೋಳ ಬಿಟ್ಟು ಹುಲ್ಲು, ಮೇವಿನ ಬೆಳೆಗೆ ಬರಬೇಕು. ಮಾತುಕತೆಗೇ ಸುಮಾರು ಹತ್ತು ವರ್ಷ ಹಿಡಿಯಿತು. ಜರ್ಮನಿಯ ಮ್ಯೂನಿಕ್ ನಗರವೂ 1990ರ ದಶಕದಿಂದ ತನ್ನ ನೀರಿನ ಮೂಲವಾದ ಮಾಂಗ್‌ಫಾಲ್ ಕಣಿವೆಯ ರೈತರಿಗೆ ಸಾವಯವಕ್ಕೆ ತಿರುಗಲು ಹಣ ಕೊಡುತ್ತಿದೆ.

ಹಣ ಎಲ್ಲಿಂದ, ಎಷ್ಟು ಕಾಲ ಅನ್ನುವುದಕ್ಕೆ ಈಕ್ವೆಡಾರ್‌ನ ಕೀಟೊ ನಗರದವರು ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. 2000ದಲ್ಲಿ ಒಂದು ನೀರಿನ ನಿಧಿ ಮಾಡಿದರು. ಅದರ ಆಯಸ್ಸು 80 ವರ್ಷ. ನಗರದ ನೀರು ಸಂಸ್ಥೆ ತನ್ನ ಆದಾಯದ 2 ಶೇಕಡಾವನ್ನು ಅದಕ್ಕೆ ಹಾಕುತ್ತದೆ. ಸರ್ಕಾರ ಬದಲಾದರೂ ನಿಧಿ ಬದಲಾಗುವುದಿಲ್ಲ. ಆ ದುಡ್ಡಿನಿಂದ ಆಂಡಿಸ್ ಬೆಟ್ಟದ ಮೇಲಿನ ಪಾರಮೊ ಅನ್ನುವ ಎತ್ತರದ ಹುಲ್ಲುಗಾವಲನ್ನು ನೋಡಿಕೊಳ್ಳುತ್ತಾರೆ. ಅಲ್ಲಿ ಕಾಡಿಲ್ಲ, ಹುಲ್ಲು ಮತ್ತು ಅದರ ಕೆಳಗಿನ ಕಪ್ಪು ಮಣ್ಣೇ ನೀರು ಹಿಡಿದಿಡುವುದು.

ಬಡ ಊರುಗಳಿಗೆ ಇದೆಲ್ಲ ಆಗುವ ಮಾತಾ ಅಂತ ಕೇಳಿದರೆ ಹರಿಯಾಣದ ಸುಖೋಮಾಜ್ರಿ ಹಳ್ಳಿ ಇದೆಯಲ್ವಾ. ಚಂಡೀಗಢದ ಸುಖ್ನಾ ಕೆರೆ 1958ರಲ್ಲಿ ಆಗಿದ್ದು, ಕೆಲವೇ ವರ್ಷಗಳಲ್ಲಿ ಹೂಳು ತುಂಬತೊಡಗಿತು. ಮಣ್ಣು ಸಂರಕ್ಷಣಾ ಕೇಂದ್ರದ ಪಿ.ಆರ್. ಮಿಶ್ರಾ ಹೂಳಿನ ಜಾಡು ಹಿಡಿದು ಮೇಲಕ್ಕೆ ಹೋದರೆ ಸಿಕ್ಕಿದ್ದು ಈ ಹಳ್ಳಿ, ಆಡು ದನ ಮೇದು ಬೋಳಾದ ಗುಡ್ಡ. ಮೇಯಿಸಬೇಡಿ ಅಂದರೆ ಜನ ಕೇಳುತ್ತಾರಾ? 1970ರ ದಶಕದಲ್ಲಿ ಅಲ್ಲೇ ಸಣ್ಣ ಮಣ್ಣಿನ ಕಟ್ಟೆಗಳನ್ನು ಕಟ್ಟಿ ಹಳ್ಳಿಗೇ ನೀರಾವರಿ ಕೊಟ್ಟರು, ಜಮೀನಿಲ್ಲದವರಿಗೂ ನೀರಿನಲ್ಲಿ ಸಮಪಾಲು ಬಂತು. ಗುಡ್ಡ ಕೆಟ್ಟರೆ ತಮ್ಮದೇ ಕಟ್ಟೆ ಹೂಳುತ್ತದೆ ಅಂತಾದ ಮೇಲೆ ಜನ ತಾವೇ ದನ ಬಿಡುವುದನ್ನು ನಿಲ್ಲಿಸಿದರು. ಬೇಲಿಯೂ ಬೇಕಾಗಲಿಲ್ಲ, ಕಾವಲುಗಾರನೂ ಬೇಕಾಗಲಿಲ್ಲ. ಇಲ್ಲಿ ಮೇಲಿನವರಿಗೆ ಕೊಟ್ಟದ್ದು ಚೆಕ್ ಅಲ್ಲ, ನೀರು.

ಇನ್ನು ಕೆಡುವ ಕಡೆಗಳು. ಅಮೆರಿಕದಲ್ಲಿ ಈಸ್‌ಮೆಂಟ್ ತೆರಿಗೆ ವಿನಾಯಿತಿಯನ್ನೇ ದಂಧೆ ಮಾಡಿಕೊಂಡವರಿದ್ದಾರೆ. ಹೂಡಿಕೆದಾರರನ್ನು ಸೇರಿಸಿ ಅಗ್ಗದ ಜಮೀನು ಕೊಂಡು, ಅದಕ್ಕೆ ಆಕಾಶದ ಬೆಲೆ ಕಟ್ಟಿಸಿ, ಹಕ್ಕು ದಾನ ಮಾಡಿದ ಹಾಗೆ ತೋರಿಸಿ ತೆರಿಗೆ ಉಳಿಸುವುದು. ಕೊನೆಗೆ 2022ರಲ್ಲಿ ಅಲ್ಲಿನ ಸಂಸತ್ತು ಇದಕ್ಕೆ ಕಡಿವಾಣ ಹಾಕಿತು. ಮಾರಲು ಒಪ್ಪಿದವರಿಂದಲೇ ಕೊಳ್ಳಬೇಕು ಅನ್ನುವ ನಿಯಮಕ್ಕೂ ಒಂದು ಬೆಲೆ ಇದೆ. ಸಿಕ್ಕಿದ ಜಮೀನು ಬೇಕಾದ ಜಾಗದಲ್ಲೇ ಇರಬೇಕಲ್ಲ? ಗುಡ್ಡದ ನೆತ್ತಿಯ ದೊಡ್ಡ ಕಾಡು ಸುಲಭವಾಗಿ ಸಿಗುತ್ತದೆ, ಹೊಳೆ ಅಂಚಿನ ಸಣ್ಣ ಪಟ್ಟಿ ಸಿಗುವುದಿಲ್ಲ. ನ್ಯೂಯಾರ್ಕಿನ ಯೋಜನೆಯನ್ನು 2020ರಲ್ಲಿ ಪರಿಶೀಲಿಸಿದ ತಜ್ಞರ ಸಮಿತಿಯೂ ಹೊಳೆ ಅಂಚಿನ ಕಡೆ ಹೆಚ್ಚು ಗಮನ ಕೊಡಿ ಎಂದೇ ಹೇಳಿತು.

ಹಬ್ಬರ್ಡ್ ಬ್ರೂಕ್‌ನ ಎರಡನೇ ಸಂಗತಿ ಈಗ ಬೇಕಾಯಿತು. ಮರ ನೀರು ಕುಡಿಯುತ್ತದೆ. ಮಳೆ ಕಡಿಮೆ ಇರುವ ಹುಲ್ಲುಗಾವಲಿನಲ್ಲಿ ಬೇಗ ಬೆಳೆಯುವ ಮರಗಳನ್ನು ತುಂಬಿಸಿದರೆ ಹಳ್ಳದ ನೀರು ಕಡಿಮೆಯಾಗಬಹುದು. ಅದಕ್ಕೇ ಯಾವ ಜಲಾನಯನಕ್ಕೆ ಯಾವ ಹೊದಿಕೆ ಸರಿ ಅನ್ನುವುದನ್ನು ಅಲ್ಲಲ್ಲೇ ನೋಡಿ ತೀರ್ಮಾನಿಸಬೇಕು. ನೀರು ತಿಳಿಯಾಗಬೇಕಾ, ಬೇಸಿಗೆಯಲ್ಲಿ ಹರಿವು ಬೇಕಾ, ಪ್ರವಾಹ ತಗ್ಗಬೇಕಾ, ಮೊದಲು ಅದು ಇತ್ಯರ್ಥವಾಗಬೇಕು.

ಫಲ ಕಾಣಲು ಹಿಡಿಯುವ ಕಾಲವೂ ಜಗಳಕ್ಕೆ ಕಾರಣ. ಇವತ್ತು ಗೊಬ್ಬರ ನಿಲ್ಲಿಸಿದರೂ ಹಿಂದೆಂದೋ ಅಂತರ್ಜಲಕ್ಕೆ ಇಳಿದ ನೈಟ್ರೇಟ್ ಎಷ್ಟೋ ಕಡೆ ಹತ್ತಾರು ವರ್ಷ ಹೊರಗೆ ಬರುತ್ತಲೇ ಇರುತ್ತದೆ. ಐದು ವರ್ಷದ ಅನುದಾನ ಮುಗಿಯುವ ಹೊತ್ತಿಗೆ ನದಿಯ ಅಳತೆಯಲ್ಲಿ ಏನೂ ಬದಲಾಗದೆ ಇದ್ದರೆ ಯೋಜನೆ ಸೋತಿತು ಅಂತ ಮುಚ್ಚಿಬಿಡುತ್ತಾರೆ. ಆದ್ದರಿಂದ ನದಿಯನ್ನು ಮಾತ್ರ ಅಳೆಯದೆ, ಎಷ್ಟು ತೊರೆಗೆ ಬೇಲಿ ಬಿತ್ತು, ಮಣ್ಣಿನಲ್ಲಿ ಎಷ್ಟು ನೈಟ್ರೇಟ್ ಉಳಿದಿದೆ ಅನ್ನುವುದನ್ನೂ ಮೊದಲ ದಿನದಿಂದ ಬರೆದಿಡಬೇಕು.

ಇನ್ನೊಂದು ಕೆಲಸ ಸಹಿ ಹಾಕಿದ ಮೇಲೇ ಶುರುವಾಗುತ್ತದೆ. ಈಸ್‌ಮೆಂಟ್ ಇರುವ ಜಮೀನನ್ನು ವರ್ಷಕ್ಕೊಮ್ಮೆ ಹೋಗಿ ನೋಡಬೇಕು. ಮೊದಲ ಮಾಲೀಕನಿಗೆ ಕರಾರಿನ ಮೇಲೆ ಪ್ರೀತಿ ಇರುತ್ತದೆ, ಅವನೇ ಒಪ್ಪಿ ಬರೆದುಕೊಟ್ಟದ್ದು. ತಕರಾರು ಬರುವುದು ಹೆಚ್ಚಾಗಿ ಅದನ್ನು ಆಮೇಲೆ ಕೊಂಡವರ ಕಾಲದಲ್ಲಿ. ಅದಕ್ಕಾಗಿ ಒಳ್ಳೆಯ ಟ್ರಸ್ಟ್‌ಗಳು ಸಹಿ ಆಗುವಾಗಲೇ ತಪಾಸಣೆಗೂ ಕೋರ್ಟ್ ಖರ್ಚಿಗೂ ಒಂದು ಮೊತ್ತ ಬೇರೆ ಎತ್ತಿಡುತ್ತವೆ. ಈಗ ಉಪಗ್ರಹದ ಚಿತ್ರ ನೋಡಿ ಕಡಿದ ಮರ, ಎದ್ದ ಕಟ್ಟಡ ಹಿಡಿಯುವುದು ಸುಲಭವಾಗಿದೆ. ಹೊಸ ಮಾಲೀಕರ ಮನಸ್ಸಿನಲ್ಲಿ ಏನಿದೆ ಅನ್ನುವುದು ಮಾತ್ರ ಅಲ್ಲಿ ಕಾಣುವುದಿಲ್ಲ, ಅದಕ್ಕೆ ಯಾರಾದರೂ ಅವರ ಮನೆಗೇ ಹೋಗಿ ಮಾತಾಡಿಸಿ ಬರಬೇಕು.